ಫೀಲ್ ಇಲ್ಲದ ಹಸಿರು ಬಟನ್

ಜೆ.ಪಿ. ನಗರದ ನಮ್ಮ ಪುಟ್ಟ ಆಫೀಸಿನಲ್ಲಿ ಟೀಮ್ ಲೀಡ್ ಒಬ್ಬರಿದ್ದರು. ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಒಂದು ಕಣ್ಣು ಮುಚ್ಚಿ, ಗೋಡೆಗೆ ಹಾಕಿದ ಫೋಟೋ ಸೊಟ್ಟಗಿದೆಯೇ ಎಂದು ನೋಡುವವರಂತೆ ನಾವು ಮಾಡಿದ ವೆಬ್ ಪುಟಗಳನ್ನು ನೋಡುತ್ತಿದ್ದರು. ಆಮೇಲೆ ತೀರ್ಪು: "ಚೆನ್ನಾಗಿದೆ ಗುರು, ಆದ್ರೆ ಫೀಲ್ ಇಲ್ಲ."

ತ್ಯಾಗರಾಜನಗರದ ಕೇಟರಿಂಗ್ ಮೇಡಂ ಒಬ್ಬರಿಗೆ ನಾವು ಮಾಡಿಕೊಟ್ಟಿದ್ದ ವೆಬ್‌ಸೈಟಿಗೂ ಫೀಲ್ ಇರಲಿಲ್ಲವಂತೆ. ಪಾಪ, ಅದರಲ್ಲಿ ಬರೀ ಊಟದ ಆರ್ಡರ್‌ಗಳು ಬರುತ್ತಿದ್ದವು. ಅದಕ್ಕೇ ನಮ್ಮ ಲೀಡ್ ಬಣ್ಣ, ಅಕ್ಷರ, ಅಂಚು ಎಲ್ಲವನ್ನೂ ಬೇಕಾದಂತೆ ಬದಲಿಸಬಹುದಾದ ಸ್ಟೈಲಿಂಗ್ ಲೈಬ್ರರಿ ಎಂಬ ಸಿದ್ಧ ಕೋಡಿನ ಕಟ್ಟೊಂದನ್ನು ತಂದು ಸೇರಿಸಿದರು. ಬದಲಿಸಬಹುದು ಎಂದರೆ ಅವರಿಗೆ ಬದಲಿಸಲೇಬೇಕು ಎಂದರ್ಥ. ಆರ್ಡರ್ ಕೊಡುವ ಹಸಿರು ಬಟನ್ ತಿಳಿ ಬೂದು ಬಣ್ಣಕ್ಕೆ ತಿರುಗಿತು. ಹಿನ್ನೆಲೆಯೂ ಅದೇ ಬಣ್ಣವಾದ್ದರಿಂದ ಬಟನ್ನಿಗೆ ಮೋಕ್ಷ ಸಿಕ್ಕಿತು.

ಮೇಡಂ ಫೋನ್ ಮಾಡಿದರು. "ಸಾರ್, ಆರ್ಡರ್ ಕೊಡೋ ಬಟನ್ನೇ ಕಾಣ್ತಿಲ್ಲ ಅಂತ ಜನ ಬೈತಿದಾರೆ. ನಾಳೆಯೊಳಗೆ ಮೊದಲಿದ್ದ ಹಾಗೇ ಮಾಡ್ಕೊಡಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ."

"ಲೈಬ್ರರಿ ತೆಗೆದುಬಿಡೋಣ ಸಾರ್" ಎಂದು ಲೀಡ್‌ಗೆ ಹೇಳಿದೆ. ಮನೆದೇವರನ್ನು ಸಾರಕ್ಕಿ ಕೆರೆಗೆ ಹಾಕೋಣ ಎಂದವನನ್ನು ನೋಡುವಂತೆ ನನ್ನನ್ನು ನೋಡಿದರು. ಲೈಬ್ರರಿ ಉಳಿಯಿತು. ಅದರ ಒಂದೊಂದು ಸ್ಟೈಲಿನ ಮೇಲೂ ನಮ್ಮ ಹಳೆಯ ಸ್ಟೈಲನ್ನು ಹೇರುತ್ತ ದಿನವಿಡೀ ಕೂತೆವು. ಸಂಜೆಗೆ ಹಳೆಯ ಪುಟವೇ ಎದ್ದು ಬಂತು. ಅದೇ ಹಸಿರು ಬಟನ್. ಪುಟ ತೆರೆದುಕೊಳ್ಳಲು ಮಾತ್ರ ಮೊದಲಿಗಿಂತ ಹೆಚ್ಚು ಹೊತ್ತು.

ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಒಂದು ಕಣ್ಣು ಮುಚ್ಚಿದರು.

"ಈಗ ನೋಡು ಗುರು, ಫೀಲ್ ಬಂತು."