ಬ್ಯಾಂಡಿಗೆ ಬೆದರದ ಮರಿ

ಸೀವುಡ್ಸ್‌ನ ನಮ್ಮ ಕಟ್ಟಡದ ಕೆಳಗೆ ಮದುವೆಯ ಮೆರವಣಿಗೆ ಹಾದುಹೋದಾಗಲೆಲ್ಲ ನಾನು ನೋಡುವುದು ಮದುಮಗನನ್ನಲ್ಲ, ಅವನನ್ನು ಹೊತ್ತ ಕುದುರೆಯ ಕಿವಿಗಳನ್ನು. ಬ್ಯಾಂಡು ಮೊಳಗುವಾಗಲೂ ಅವು ಸಡಿಲವಾಗಿದ್ದರೆ, ಅದನ್ನು ಪಳಗಿಸಿದವರು ಯಾರಿರಬಹುದೆಂದು ಯೋಚಿಸುತ್ತೇನೆ.

ವಿಜಯಪುರದ ಕಡೆಯಿಂದ ಬಂದ ನನ್ನ ತಂದೆ ಕಲ್ಯಾಣದ ಅಂಚಿನಲ್ಲಿ ತಬೇಲಾ ಇಟ್ಟು, ಮದುವೆಗಳಿಗೆ ಕುದುರೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ನಾನು ಎರಡನೆಯ ತರಗತಿಯಲ್ಲಿದ್ದಾಗ ಅಲ್ಲಿನ ಬಿಳಿಯ ಕುದುರೆಯೊಂದು ಹೆಣ್ಣುಮರಿ ಹಾಕಿತು. ನಾನು ಶಾಲೆಯಿಂದ ಬರುವ ಹೊತ್ತಿಗೆ ಅದು ಬಾಗಿಲ ಅಡ್ಡಗಳುವಿನ ಮೇಲೆ ಗದ್ದವಿಟ್ಟು ಕಾಯುತ್ತಿತ್ತು. ನನ್ನ ಜಡೆಯ ರಿಬ್ಬನ್ನನ್ನು ಬಾಯಿಂದ ಬಿಚ್ಚಿದ ಮೇಲೆಯೇ ಒಳಗೆ ಬಿಡುತ್ತಿತ್ತು. ಆದರೆ ಮರಿ ವಿಪರೀತ ಪುಕ್ಕಲು. ಬಕೆಟ್ಟು ಉರುಳಿದರೂ ಗೋಡೆಗೆ ಅಂಟಿಕೊಳ್ಳುತ್ತಿತ್ತು.

"ಬ್ಯಾಂಡಿಗೆ ಬೆದರೋ ಕುದುರಿ ನಮಗ್ಯಾಕ್ ಬೇಕವ್ವಾ? ಹಿಂಗ ಇದ್ರ ಮಾರಿಬಿಡತೀನಿ," ಎಂದರು ತಂದೆ. ನಾನು ಅತ್ತಾಗ ಖಾಲಿ ಎಣ್ಣೆಡಬ್ಬಿಯೊಂದನ್ನು ಕೈಗಿತ್ತರು. "ಇದನ್ನ ಬಡಕೋತ ಕಡ್ಲಿ ತಿನಸು."

ಹಾಗೆಯೇ ಮಾಡಿದೆ. ಮೊದಲು ಬೆರಳಿನಿಂದ, ಅನಂತರ ಕೋಲಿನಿಂದ. ಸದ್ದು ಬೆಳೆದಂತೆ ಮರಿಯೂ ಬೆಳೆಯಿತು.

ಬೆನ್ನಿಗೆ ಜೀನು ಹಾಕುವ ವಯಸ್ಸಾದಾಗ, ಪರೀಕ್ಷೆಗೆಂದು ತಂದೆ ಅದನ್ನು ಡೊಂಬಿವ್ಲಿಯ ಮದುವೆಯೊಂದಕ್ಕೆ ತಾಯಿಕುದುರೆಯ ಪಕ್ಕದಲ್ಲಿ ನಡೆಸಿಕೊಂಡು ಹೋದರು; ನಾನೂ ಹೋದೆ. ಢೋಲು ಮೊಳಗಿತು. ಮರಿ ಬೆದರಲಿಲ್ಲ. ಕಿವಿ ನಿಮಿರಿಸಿ, ತಂದೆಯನ್ನೂ ಎಳೆದುಕೊಂಡು ನೇರವಾಗಿ ಢೋಲಿನವನ ಬಳಿಗೆ ನಡೆದು, ಅವನ ಅಂಗಿಯ ಜೇಬಿಗೆ ಮೂತಿ ತೂರಿಸಿತು.

"ಏ ಕಾಕಾ, ನಿಮ್ಮ ಕುದುರಿ ನನ್ನ ಕಿಸೆ ತಪಾಸ್ ಮಾಡ್ಲಾಕತ್ತದ ನೋಡ್ರಿ!" ಎಂದು ಕಲಬುರಗಿಯ ಆ ಢೋಲಿನವನು ಕೂಗಿದ. ಮೆರವಣಿಗೆ ನಿಂತಿತು, ಮದುಮಗನೂ ನಕ್ಕ.

ತಂದೆ ನನ್ನತ್ತ ತಿರುಗಿದರು: "ಅಂಜಿಕಿ ಬಿಡಸು ಅಂದ್ರ, ಬೀಗತನಾನೇ ಬೆಳಸೀಯಲ್ಲವ್ವಾ!"

ನಗುತ್ತಲೇ ಅಂದಿದ್ದರು. ಆದರೂ ಢೋಲಿನತ್ತ ಓಡುವ ಕುದುರೆಯ ಮೇಲೆ ಮದುಮಗನನ್ನು ಕೂರಿಸುವಂತಿರಲಿಲ್ಲ. ಮಾರುವ ಮಾತು ಹಾಗೆಯೇ ಉಳಿಯಿತು.

ಮರುದಿನದಿಂದ ನಾನು ಕಡಲೆಯಿಲ್ಲದೆ ಡಬ್ಬಿ ಬಡಿಯಬೇಕಾಯಿತು. ಪ್ರತಿ ಸಲವೂ ಅದು ನನ್ನ ಬರಿಯ ಅಂಗೈಯನ್ನು ಮೂಸಿ, ಮುಖ ನೋಡುತ್ತಿತ್ತು. ಅದನ್ನು ಉಳಿಸಿಕೊಳ್ಳಲು ಅದನ್ನೇ ನಿರಾಸೆಗೊಳಿಸುವುದಲ್ಲದೆ ನನಗೆ ಬೇರೆ ದಾರಿಯಿರಲಿಲ್ಲ. ಕೊನೆಗೊಂದು ಸಂಜೆ ನಾನು ಎಷ್ಟು ಬಡಿದರೂ ಅದು ಹುಲ್ಲು ಮೆಲ್ಲುತ್ತ ನಿಂತೇ ಇತ್ತು, ತಲೆ ಎತ್ತಲಿಲ್ಲ.

"ಆತು, ಇನ್ನ ಮಾರೂದಿಲ್ಲ," ಎಂದರು ತಂದೆ.

ಡಬ್ಬಿಯನ್ನು ಕೆಳಗಿಟ್ಟು, ಸದ್ದಿಲ್ಲದೆ ಬೊಗಸೆಯಲ್ಲಿ ಕಡಲೆ ತಂದು ಒಡ್ಡಿದೆ. ಬಾಯಿ ಹಾಕುವ ಮೊದಲು ಮರಿ ಒಮ್ಮೆ ಡಬ್ಬಿಯತ್ತ ನೋಡಿತು. ಆಮೇಲೆ ಕಡಲೆ ಮುಗಿಸಿ, ನನ್ನ ರಿಬ್ಬನ್ನು ಬಿಚ್ಚಿತು.