ಅಮಾವಾಸ್ಯೆಯ ತೂಕ

ಎಂಟು ವರ್ಷದ ಹಿಂದಿನ ದಿನಚರಿಯ ಒಂದು ಹಾಳೆಯಲ್ಲಿ ಎಣ್ಣೆಯ ಕಲೆ. ಮೂಗಿಗೆ ಹಿಡಿದರೆ ಈಗಲೂ ಶೇಂಗಾ ಉಂಡಿಯ ವಾಸನೆ. ಹೆಬ್ಬೆರಳಿನ ಗುರುತು, ನನ್ನದಲ್ಲ. ಕೈ ತೊಳೆಯದೆ ಪೆನ್ನು ಮುಟ್ಟಿದವನಲ್ಲ ನಾನು.

ನಿಮಗೆ ನಗು ಬರಬಹುದು, ಹದಿನಾರರ ವಯಸ್ಸಿನಿಂದ ನಾನು ಎಲ್ಲವನ್ನೂ ಎಣಿಸಿ ಬರೆದಿಟ್ಟವನು: ಹಾನಗಲ್ಲಿನ ಬಸ್ಸು ಎಷ್ಟು ನಿಮಿಷ ತಡ, ಅವ್ವ ಬಡಿದ ರೊಟ್ಟಿ ಎಷ್ಟು, ಮನೆಗೆ ಯಾರು ಬಂದರು. ಮೊದಲ ವರ್ಷವೇ ಅಕ್ಕನ ತೂಕವನ್ನೂ ಬರೆದೆ. ಆಕೆಯನ್ನು ತೆಳ್ಳಗೆ ಮಾಡುವ ಹೊಣೆ ನನ್ನದೆಂದು ನಾನೇ ತಿಳಿದುಕೊಂಡಿದ್ದೆ.

ಹಿರೇಕೆರೂರಿನಲ್ಲಿ ಅಪ್ಪನದು ಕಾಳಿನ ಅಂಗಡಿ. ಅಮಾವಾಸ್ಯೆಗೊಮ್ಮೆ ಚೀಲ ತೂಗುವ ಕಾಟಾ ತೊಳೆದು, ವಿಭೂತಿ ಬಳಿದು, ಕಾಯಿ ಒಡೆಯುತ್ತಿದ್ದೆವು. ಅಂದು ವ್ಯಾಪಾರವಿಲ್ಲ. ಪೂಜೆ ಮುಗಿದೊಡನೆ ಅಕ್ಕನನ್ನು ಅದರ ಮೇಲೆ ನಿಲ್ಲಿಸುತ್ತಿದ್ದೆ. ಸವಣೂರಿನಿಂದ ಕಾಕಾ ಬಂದಿದ್ದರಂತೂ ಮುಗಿಯಿತು.

"ಲೇ, ಕಾಟಾ ಮುರದೀತು! ಇಬ್ಬರು ಹಮಾಲರನ್ನ ಕರೀರಿ, ಚೀಲ ಇಳಸಬೇಕು!"

ಎಲ್ಲರೂ ನಗುತ್ತಿದ್ದರು. ಅಕ್ಕನೂ. ನಾನು ನಗುತ್ತಲೇ ಅಂಕಿ ಬರೆದುಕೊಳ್ಳುತ್ತಿದ್ದೆ.

ಊಟಕ್ಕೆ ಕೂತರೆ ಅವ್ವ, "ನಿನಗ ಒಂದ ರೊಟ್ಟಿ ಸಾಕಲ್ಲ?" ಎನ್ನುತ್ತಿದ್ದಳು. "ಸಾಕವ್ವ, ಹಸಿವಿಲ್ಲ" ಎಂದು ಅಕ್ಕ ಏಳುತ್ತಿದ್ದಳು. ಆದರೆ ಉಂಡಿಯ ಡಬ್ಬಿ ಬರಿದಾಗುತ್ತಿತ್ತು. ಅದನ್ನೂ ಎಣಿಸಿದ್ದೆ. ಬಂದವರ ಪಟ್ಟಿ ಎಡಗಡೆ, ಉಂಡಿಯ ಲೆಕ್ಕ ಬಲಗಡೆ. ಎರಡನ್ನೂ ಜೋಡಿಸಿ ಓದಿದ್ದು ಇಂದೇ. ಯಾರೂ ಬರದ ದಿನ ಉಂಡಿ ಕಡಿಮೆಯಾಗಿಲ್ಲ. ಕಾಕಾ ಬಂದ ದಿನ ನಾಲ್ಕು. ತೂಗಿದ ದಿನ ಏಳು. ಎಲ್ಲ ನನ್ನದೇ ಅಕ್ಷರ, ಆಗ ಕಾಣಲಿಲ್ಲ. ಪುಟದ ಮೇಲೆ ‘ಕಳ್ಳಿ’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಎಣ್ಣೆಯ ಹೆಬ್ಬೆರಳಿನ ಗುರುತು ಬಿದ್ದಿರುವುದು ಆ ಶಬ್ದದ ಪಕ್ಕದಲ್ಲಿ.

ಮುಂದೆ ಕಾಲು ಜೋಮು ಹಿಡಿಯುತ್ತದೆಂದು ಅಕ್ಕ ದವಾಖಾನೆಗೆ ಹೋದಳು. ಡಾಕ್ಟರು ಮೊದಲು ತೂಕ ಮಾಡಿದರು. ಕಾಲು ನೋಡಲಿಲ್ಲ. "ಮೊದ್ಲ ತೂಕ ಇಳಸ್ರಿ, ಆಮ್ಯಾಲ ಬರ್ರಿ." ಆಕೆ ಮತ್ತೆ ಯಾವ ದವಾಖಾನೆಯ ಮೆಟ್ಟಿಲನ್ನೂ ತಾನಾಗಿ ಹತ್ತಲಿಲ್ಲ. ಸಕ್ಕರೆ ಕಾಯಿಲೆ ಇದೆಯೆಂದು ನಮಗೆ ತಿಳಿಯುವ ಹೊತ್ತಿಗೆ ಬಲಗಾಲಿನ ಎರಡು ಬೆರಳು ತೆಗೆಯಬೇಕಾಯಿತು.

ಈಗ ಎಡಗಾಲಿನಲ್ಲಿ ಹುಣ್ಣು. ದಿನಚರಿ ಮುಚ್ಚಿಟ್ಟು ಅಕ್ಕನ ಹತ್ತಿರ ಹೋದೆ.

"ಅಕ್ಕಾ, ದವಾಖಾನಿಗೆ ಹೋಗೂಣ ಬಾ."

"ತೂಕ ಮಾಡ್ತಾರೇನು?"

"ಮಾಡಬ್ಯಾಡ್ರಿ ಅಂತ ನಾನ ಹೇಳ್ತೇನಿ."

"ನೀ ಹೇಳ್ತೀಯೇನು?" ಎಂದು ನಕ್ಕಳು, ಕಾಟಾದ ಮೇಲೆ ನಿಂತು ನಗುತ್ತಿದ್ದ ಹಾಗೆಯೇ. ಸೀರೆಯ ಅಂಚನ್ನು ಹುಣ್ಣಿನ ಮೇಲೆ ಎಳೆದುಕೊಂಡಳು. "ನಾಳೆ ನೋಡೂಣು."

ಹುಣ್ಣು ಕಂಡಾಗಿನಿಂದ ಇದು ಒಂಬತ್ತನೆಯ ‘ನಾಳೆ’. ಬರೆದುಕೊಳ್ಳಲಿಲ್ಲ. ಆಕೆಯ ಪಕ್ಕದಲ್ಲಿ ಕುಳಿತೆ.