ಸಾರಿಗೆ ಉಪ್ಪು ಹಾಕಿದ್ದು ಯಾರು ಎಂದು ಕೇಳಿದ ಹೆಂಗಸು

ದೆವ್ವ ಕಂಡೆ, ಶಕುನ ಕಂಡೆ ಎಂದು ಯಾರಾದರೂ ಪೋಸ್ಟ್ ಹಾಕಿದರೆ ಮೊದಲು ನಗುವ ಮುಖ ಒತ್ತುವವಳೇ ನಾನು. ಇವತ್ತು ನೀವು ನನಗೆ ಒತ್ತಿ, ಬೇಜಾರಿಲ್ಲ.

ನಾನೂ ನನ್ನ ಗಂಡನೂ ಕೋಲ್ಕತ್ತಾದ ಲೇಕ್ ಮಾರ್ಕೆಟ್ ಹತ್ತಿರ ಕೇಟರಿಂಗ್ ಮಾಡುವವರು, ಉಡುಪಿ ಕಡೆಯವರು. ನಾಲ್ಕು ವರ್ಷದ ಹಿಂದಿನ ಮಾತು. ಒಂದು ಉಪನಯನದಲ್ಲಿ ನಮ್ಮ ಹುಳಿ ಹಳಸಿ, ಇಲ್ಲಿನ ಕನ್ನಡದವರ ಬಾಯಲ್ಲೆಲ್ಲ ಅದೇ ಸುದ್ದಿಯಾಗಿತ್ತು. ಆದರೂ ಧೈರ್ಯ ಮಾಡಿ ಒಬ್ಬ ಬ್ಯಾಂಕಿನವರು ಸಮುದ್ರತೀರದ ದೀಘಾದಲ್ಲಿ ಮಗಳ ಮದುವೆಯೂಟ ನಮಗೆ ಕೊಟ್ಟರು. ಅದೂ ಕೆಟ್ಟರೆ ಇನ್ನು ಯಾರೂ ನಮ್ಮನ್ನು ಕರೆಯುತ್ತಿರಲಿಲ್ಲ.

ಮದುವೆ ಹಾಲ್‌ನ ಅಡುಗೆಮನೆಯಲ್ಲಿ ದಿನವೂ ಮೀನು ಬೇಯುತ್ತದೆ. ಹಾಗಾಗಿ ಅಲ್ಲಿಗೆ ಹತ್ತಿರದ ಮಂದಾರ್ಮಣಿಯಲ್ಲಿ ಒಂದು ಮನೆಯ ಹಿತ್ತಲಲ್ಲಿ ಅಡುಗೆ ಮಾಡಿ, ಪಾತ್ರೆಗಳ ಬಾಯಿಗೆ ಬಟ್ಟೆ ಕಟ್ಟಿ, ಸಮುದ್ರದ ಪಕ್ಕದ ರಸ್ತೆಯಲ್ಲಿ ವ್ಯಾನ್ ಹೊರಡಿಸಿದೆವು. ದೇವರಿಗೆ ಇಡುವ ಮೊದಲು ನಾವು ರುಚಿ ನೋಡುವುದಿಲ್ಲ. ಎಲ್ಲ ಮೂಗಿನ ಅಂದಾಜು.

ಬೆಳಿಗ್ಗೆ ಹತ್ತು ಗಂಟೆ. ಎಡಕ್ಕೆ ಕಲ್ಲಿನ ಕಟ್ಟೆಗೆ ಬಡಿಯುವ ಸಮುದ್ರ, ಬಲಕ್ಕೆ ಗಾಳಿಮರದ ತೋಪು. ಜನ ಕಾರು ನಿಲ್ಲಿಸಿ ಫೋಟೋ ತೆಗೆಯುವಂಥ ರಸ್ತೆ. ಕಟ್ಟೆಯ ಹತ್ತಿರ ಒಬ್ಬ ವಯಸ್ಸಾದ ಹೆಂಗಸು ಕೈ ಅಡ್ಡ ಹಿಡಿದಳು.

"ಲಿಫ್ಟ್ ಕೇಳಿದ್ರೆ ಅನ್ನದ ಮೇಲೆ ಕೂರಿಸ್ಬೇಕಷ್ಟೆ" ಎನ್ನುತ್ತಾ ಗಂಡ ವ್ಯಾನ್ ನಿಲ್ಲಿಸಿದರು.

ಅವಳು ನನ್ನ ಕಿಟಕಿಗೆ ಬಗ್ಗಿ, ನಮ್ಮೂರಿನ ಕನ್ನಡದಲ್ಲೇ ಕೇಳಿದಳು: "ಸಾರಿಗೆ ಉಪ್ಪು ಹಾಕಿದ್ದು ಯಾರು ಮಗಾ?"

"ನಾನು" ಎಂದೆ. ಅದೇ ಉಸಿರಿಗೆ ಗಂಡನೂ "ನಾನು" ಎಂದರು.

ನಾನು ಅವರತ್ತ ತಿರುಗಿದೆ. "ನೀವ್ಯಾಕೆ ಹಾಕಿದ್ದು ಮಾರಾಯ್ರೆ?"

"ನೀನು ಫೋನಲ್ಲಿ ಇದ್ದಿ. ಮರ್ತಿದ್ದಿ ಅಂತ ಹಾಕಿದೆ."

"ನಾನು ಮರೀಲಿಕ್ಕೆ ನೀವಾ?"

ಅರ್ಧ ನಿಮಿಷ ಜಗಳವಾಡಿರಬೇಕು. ಮತ್ತೆ ಕಿಟಕಿಗೆ ತಿರುಗಿದರೆ ಯಾರೂ ಇಲ್ಲ. ಇಳಿದು ನೋಡಿದೆ. ಕಟ್ಟೆಯಾಚೆ ಭರತದ ನೀರು, ಕಾಲಿಡಲು ಮರಳೂ ಇಲ್ಲ. ತೋಪಿಗೆ ಹೋಗಲು ವ್ಯಾನಿನ ಮುಂದೆಯೋ ಹಿಂದೆಯೋ ರಸ್ತೆ ದಾಟಬೇಕು. ರಸ್ತೆ ಎರಡೂ ಕಡೆ ಬರಿದಾಗಿತ್ತು.

ಮುಂದೆ ಒಂದು ಚಹಾದಂಗಡಿ ಸಿಕ್ಕಿತು. ನೇಮವನ್ನು ಬದಿಗಿಟ್ಟು ಸಾರಿನ ಒಂದು ಹನಿ ನಾಲಿಗೆಗೆ ಹಾಕಿಕೊಂಡೆ. ಬಾಯಿಗೆ ಇಡುವ ಹಾಗಿರಲಿಲ್ಲ. ಅಂಗಡಿಯ ಒಲೆಯಲ್ಲೇ ನೀರು ಕುದಿಸಿ, ಹೆಚ್ಚಿಗೆ ಬೇಯಿಸಿ ತಂದಿದ್ದ ಬೇಳೆ ಸುರಿದು, ಒಂದು ಪಾತ್ರೆ ಸಾರನ್ನು ಎರಡು ಮಾಡಿದೆವು. ಆ ಹೆಂಗಸಿನ ಬಗ್ಗೆ ವಿಚಾರಿಸಿದರೆ ಅಂಗಡಿಯವನು, "ಅಲ್ಲಿ ಯಾರೂ ಇರೋದಿಲ್ಲ ದೀದಿ" ಎಂದು ಬಂಗಾಳಿಯಲ್ಲಿ ಹೇಳಿ ಲೋಟ ತೊಳೆಯತೊಡಗಿದ.

ಹುಡುಗಿಯ ತಂದೆ ಮೂರು ಸಲ ಸಾರು ಹಾಕಿಸಿಕೊಂಡರು. ಅದೇ ಪಂಕ್ತಿಯಲ್ಲಿ ಕೂತು ಇನ್ನೆರಡು ಮನೆಯವರು ನಮ್ಮ ನಂಬರ್ ಬರೆದುಕೊಂಡರು.

"ಮದುವೆಗೆ ಬಂದವರೇ ಯಾರೋ" ಎಂದು ಗಂಡ ಈಗಲೂ ವಾದಿಸುತ್ತಾರೆ. ಬಡಿಸುವಾಗ ನಾನು ಒಂದೊಂದು ಎಲೆಯ ಮುಂದಿನ ಮುಖವನ್ನೂ ನೋಡಿದ್ದೇನೆ. ಅವಳಿರಲಿಲ್ಲ. ಇದ್ದರೂ, ಬಟ್ಟೆ ಕಟ್ಟಿದ ಪಾತ್ರೆಯೊಳಗಿನ ಉಪ್ಪು ಅವಳಿಗೆ ಹೇಗೆ ತಿಳಿಯಿತು?

ಇನ್ನೂರು ಜನರ ಊಟ ಹಿಂದೆ ಇಟ್ಟುಕೊಂಡು ಹೊರಟವರು ನಾವು. ಊಟಕ್ಕೆ ಬನ್ನಿ ಅಮ್ಮಾ ಎಂಬ ಒಂದು ಮಾತನ್ನೂ ಅವಳಿಗೆ ಹೇಳಲಿಲ್ಲ.